ದಾಂಡಿಗನ ಬಲಾಬಲ: ಸ್ಟ್ರೈಕ್ ವಲಯದ ನಕ್ಷೆಯನ್ನು ಓದುವ ಬಗೆ

ಅಮೆರಿಕದ ಬೇಸ್‌ಬಾಲ್ ಆಟದಲ್ಲಿ ದಾಂಡಿಗನ ಸಾಮರ್ಥ್ಯವನ್ನು ಬಹುಕಾಲದಿಂದ ಒಂದೇ ಸಂಖ್ಯೆಯಿಂದ ಅಳೆಯುತ್ತ ಬಂದಿದ್ದಾರೆ. ಅದೇ ಬ್ಯಾಟಿಂಗ್ ಸರಾಸರಿ. ಚೆಂಡನ್ನು ಹೊಡೆದು ಸುರಕ್ಷಿತವಾಗಿ ನೆಲೆಯನ್ನು ಮುಟ್ಟುವುದಕ್ಕೆ ಹಿಟ್ ಎಂದು ಹೆಸರು. ಹಿಟ್‌ಗಳ ಸಂಖ್ಯೆಯನ್ನು ಲೆಕ್ಕಕ್ಕೆ ಸೇರುವ ಸರದಿಗಳ ಸಂಖ್ಯೆಯಿಂದ ಭಾಗಿಸಿದರೆ ಸರಾಸರಿ ದೊರೆಯುತ್ತದೆ. ಹತ್ತು ಸರದಿಗಳಲ್ಲಿ ಮೂರು ಹಿಟ್, ಅಂದರೆ ೦.೩೦೦, ಗಳಿಸುವವನು ಒಳ್ಳೆಯ ದಾಂಡಿಗನೆನಿಸುತ್ತಾನೆ.

ಆದರೆ ಸರಾಸರಿ ಒಂದೇ ಆದ ಇಬ್ಬರು ಸಮಾನರೇ? ಕ ಮತ್ತು ಖ ಎಂಬ ಇಬ್ಬರು ದಾಂಡಿಗರನ್ನು ಕಲ್ಪಿಸಿಕೊಳ್ಳೋಣ. ಕ ಎಂಬವನ ಸರಾಸರಿ ಮೈಗೆ ಹತ್ತಿರದ ಒಳಬದಿಯ ಚೆಂಡುಗಳಲ್ಲಿ ೦.೩೪೦, ಹೊರಬದಿಯ ಚೆಂಡುಗಳಲ್ಲಿ ೦.೨೨೦. ಖ ಎಂಬವನದು ಎರಡು ಬದಿಗಳಲ್ಲಿಯೂ ೦.೨೮೦. ಸರದಿಗಳು ಎರಡು ಬದಿಗಳಿಗೂ ಸಮನಾಗಿ ಹಂಚಿದ್ದರೆ ಇಬ್ಬರ ಒಟ್ಟು ಸರಾಸರಿಯೂ ೦.೨೮೦. ಈಗ ಎದುರಾಳಿ ಪಿಚರ್ ಗುಟ್ಟನ್ನರಿತು ಮುಕ್ಕಾಲುಪಾಲು ಚೆಂಡುಗಳನ್ನು ಹೊರಬದಿಗೇ ಎಸೆಯತೊಡಗಿದನೆನ್ನೋಣ. ಖ ಇದ್ದಲ್ಲಿಯೇ ಇರುತ್ತಾನೆ, ಕ ೦.೨೫೦ಕ್ಕೆ ಇಳಿಯುತ್ತಾನೆ. ಒಟ್ಟು ಸರಾಸರಿ ಮರೆಮಾಡಿದ ಈ ಭೇದವನ್ನು ತೋರಿಸುವುದೇ ಸ್ಟ್ರೈಕ್ ವಲಯದ ನಕ್ಷೆ.

ಸ್ಟ್ರೈಕ್ ವಲಯವೆಂಬುದು ಹೋಂ ಪ್ಲೇಟಿನ ಮೇಲೆ ನಿಂತಿರುವ, ಕಣ್ಣಿಗೆ ಕಾಣದ ಒಂದು ಚೌಕಟ್ಟು. ಅದರ ಅಗಲ ಪ್ಲೇಟಿನಷ್ಟೇ, ಅಂದರೆ ೧೭ ಅಂಗುಲ. ನಿಯಮ ಪುಸ್ತಕದ ಪ್ರಕಾರ ಅದರ ಕೆಳಗಿನ ಎಲ್ಲೆ ಮಂಡಿಚಿಪ್ಪಿನ ಕೆಳಗಿನ ತಗ್ಗು. ಮೇಲಿನ ಎಲ್ಲೆ ಭುಜಕ್ಕೂ ಷರಾಯಿಯ ಮೇಲಂಚಿಗೂ ನಡುವಿನ ಮಧ್ಯಬಿಂದು. ಈ ಚೌಕಟ್ಟನ್ನು ಮನೆಗಳಾಗಿ ವಿಭಾಗಿಸಿ, ಪ್ರತಿಯೊಂದು ಮನೆಯಲ್ಲಿಯೂ ದಾಂಡಿಗನ ಸರಾಸರಿಯನ್ನು ಬರೆದರೆ ನಕ್ಷೆ ಸಿದ್ಧವಾಗುತ್ತದೆ.

ಇಂಥ ನಕ್ಷೆಗಳಲ್ಲಿ ಅತ್ಯಂತ ಪ್ರಸಿದ್ಧವಾದುದು ಬಾಸ್ಟನ್ ರೆಡ್ ಸಾಕ್ಸ್ ತಂಡದ ಟೆಡ್ ವಿಲಿಯಮ್ಸ್‌ನದು. ತನ್ನ ‘ದಿ ಸೈನ್ಸ್ ಆಫ್ ಹಿಟಿಂಗ್’ ಗ್ರಂಥದಲ್ಲಿ ಅವನು ವಲಯವನ್ನು ಅಡ್ಡಲಾಗಿ ೭, ನೆಟ್ಟಗೆ ೧೧, ಒಟ್ಟು ೭೭ ಚೆಂಡುಗಳಿಂದ ತುಂಬಿ, ಒಂದೊಂದರ ಮೇಲೂ ತನ್ನ ಸರಾಸರಿಯನ್ನು ಸೂಚಿಸಿದನು. ನಟ್ಟನಡುವೆ ೦.೪೦೦, ಹೊರಬದಿಯ ಕೆಳಮೂಲೆಯಲ್ಲಿ ೦.೨೩೦. ಇವು ಎಣಿಸಿ ತೆಗೆದ ಅಂಕಿಗಳಲ್ಲ, ಅನುಭವಿಯ ಅಂದಾಜುಗಳು. ಆದರೂ ಒಳ್ಳೆಯ ಚೆಂಡಿಗಾಗಿ ಕಾಯಬೇಕೆಂಬ ಪಾಠವನ್ನು ಅವು ಸ್ಪಷ್ಟವಾಗಿ ಕಲಿಸಿದವು.

ಮನೆಯಿಂದ ಮನೆಗೆ ಈ ವ್ಯತ್ಯಾಸವೇಕೆ? ಗಂಟೆಗೆ ೯೦ ಮೈಲಿ ವೇಗದ ಚೆಂಡು ಪಿಚರನ ಕೈಬಿಟ್ಟು ಪ್ಲೇಟನ್ನು ತಲಪಲು ಸುಮಾರು ೦.೪ ಸೆಕೆಂಡು ಸಾಕು. ಇಷ್ಟರೊಳಗೆ ದಾಂಡು ಒಂದು ಚಾಪದಲ್ಲಿ ತಿರುಗಿ ಬರಬೇಕು. ಒಳಬದಿಯ ಚೆಂಡನ್ನು ಪ್ಲೇಟಿನ ಮುಂದೆ, ಬೇಗನೆ ಸಂಧಿಸಬೇಕು. ಹೊರಬದಿಯದನ್ನು ಸ್ವಲ್ಪ ತಡೆದು, ಹಿಂದೆ. ಒಬ್ಬನ ನಿಲುವು, ತೋಳಿನ ಉದ್ದ ಮತ್ತು ಬೀಸಿನ ರೀತಿ ಎಲ್ಲ ಮನೆಗಳಿಗೂ ಸಮನಾಗಿ ಹೊಂದಿಕೊಳ್ಳಲಾರವು.

ಇನ್ನು ಎಚ್ಚರಿಕೆಯ ಮಾತು. ವಿಲಿಯಮ್ಸ್ ೧೯೪೧ರಲ್ಲಿ ೪೫೬ ಸರದಿಗಳಲ್ಲಿ ೧೮೫ ಹಿಟ್ ಗಳಿಸಿ ೦.೪೦೬ರ ಸರಾಸರಿ ಸಾಧಿಸಿದನು. ಅಷ್ಟು ಸರದಿಗಳನ್ನು ೭೭ ಮನೆಗಳಿಗೆ ಹಂಚಿದರೆ ಮನೆಯೊಂದಕ್ಕೆ ಆರೂ ಬರುವುದಿಲ್ಲ! ನಿಜವಾದ ಸಾಮರ್ಥ್ಯ ಪ, ಸರದಿಗಳ ಸಂಖ್ಯೆ ನ ಆಗಿದ್ದರೆ, ಸರಾಸರಿಯಲ್ಲಿ ಕೇವಲ ಆಕಸ್ಮಿಕದಿಂದ ಆಗುವ ಏರಿಳಿತದ ಪ್ರಮಾಣ √[ಪ(೧−ಪ)/ನ]. ಪ = ೦.೩೦೦ ಎಂದಿಟ್ಟುಕೊಂಡರೆ:

ನ = ೬ ಆದಾಗ ಏರಿಳಿತ ೦.೧೮೭
ನ = ೫೦ ಆದಾಗ ೦.೦೬೫
ನ = ೪೫೦ ಆದಾಗ ೦.೦೨೨

ಆರು ಸರದಿಗಳ ಮನೆಯಲ್ಲಿ ೦.೫೦೦ ಎಂದು ಕೆಂಪಾಗಿ ಹೊಳೆಯುವ ಅಂಕಿ ಮೂರು ಹಿಟ್‌ಗಳ ಅದೃಷ್ಟವೇ ಆಗಿರಬಹುದು. ಒಂಬತ್ತೇ ಮನೆಗಳ ನಕ್ಷೆ ಒರಟಾದರೂ ಅದರಲ್ಲಿ ಮನೆಯೊಂದಕ್ಕೆ ಸುಮಾರು ಐವತ್ತು ಸರದಿಗಳು ದೊರೆತು ಆಧಾರ ಬಲವಾಗುತ್ತದೆ. ವಲಯದ ಹೊರಗಿನ ಚೆಂಡುಗಳಿಗೆ ಬೀಸಿ ಮುಗಿದ ಸರದಿಗಳನ್ನು ಕಳೆದರೆ ಅದೂ ಕಡಿಮೆಯಾಗುತ್ತದೆ. ನಕ್ಷೆ ಸೂಕ್ಷ್ಮವಾದಷ್ಟೂ ಅದರ ಒಂದೊಂದು ಮನೆಯ ಸಾಕ್ಷ್ಯ ದುರ್ಬಲವಾಗುತ್ತದೆ.

ಈಗ ಚೆಂಡಿನ ದಾರಿಯನ್ನು ಯಂತ್ರಗಳೇ ಅಳೆಯುತ್ತವೆ. ಕ್ರಿಕೆಟ್ ಪ್ರೇಕ್ಷಕರಿಗೆ ಪರಿಚಿತವಾದ ಹಾಕ್-ಐ ಕ್ಯಾಮೆರಾಗಳು ೨೦೨೦ರಿಂದ ಮೇಜರ್ ಲೀಗ್ ಬೇಸ್‌ಬಾಲಿನ ಮೈದಾನಗಳಲ್ಲಿಯೂ ಇವೆ. ಚೆಂಡು ಹಾದುಹೋದ ಸ್ಥಾನದ ವಿಷಯದಲ್ಲಿ ಊಹೆಗೆ ಎಡೆಯಿಲ್ಲ. ಆದರೆ ಸ್ಥಾನವನ್ನು ಎಷ್ಟೇ ನಿಖರವಾಗಿ ಅಳೆದರೂ ಸರದಿಗಳ ಸಂಖ್ಯೆ ಹೆಚ್ಚುವುದಿಲ್ಲ.

ಆದ್ದರಿಂದ ಇಬ್ಬರ ನಕ್ಷೆಗಳನ್ನು ಹೋಲಿಸುವಾಗ ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳಬೇಕು. ಮೊದಲನೆಯದು, ಪ್ರತಿ ಮನೆಯಲ್ಲಿ ಎಷ್ಟು ಸರದಿಗಳಿವೆ? ಎರಡನೆಯದು, ನಕ್ಷೆಯನ್ನು ಯಾವ ಕಡೆಯಿಂದ ನೋಡಿ ಬರೆದಿದ್ದಾರೆ? ಹಿಂದೆ ಕುಳಿತ ಕ್ಯಾಚರನ ಕಡೆಯಿಂದ ನೋಡಿದರೆ ಬಲಗೈ ದಾಂಡಿಗನ ಒಳಬದಿ ಎಡಕ್ಕಿರುತ್ತದೆ, ವಿಲಿಯಮ್ಸ್‌ನಂಥ ಎಡಗೈಯವನದು ಬಲಕ್ಕೆ. ಒಂದನ್ನು ಕನ್ನಡಿಯಲ್ಲಿಟ್ಟಂತೆ ತಿರುಗಿಸದೆ ಹೋಲಿಸುವುದು ತಪ್ಪು. ಮೂರನೆಯದು, ನೆರೆಯ ಮನೆಗಳೂ ಅದೇ ಕಥೆಯನ್ನು ಹೇಳುತ್ತವೆಯೇ? ದಾಂಡಿನ ಬೀಸು ಒಂದೇ ಅಂಗುಲದಲ್ಲಿ ಬದಲಾಗುವುದಿಲ್ಲ. ನಿಜವಾದ ದೌರ್ಬಲ್ಯ ಅಕ್ಕಪಕ್ಕದ ಮನೆಗಳಿಗೂ ಹಬ್ಬಿರುತ್ತದೆ. ಒಂಟಿಯಾಗಿ ನಿಂತ ಅಂಕಿಯನ್ನು ಸಂಶಯದಿಂದ ನೋಡಬೇಕು, ಗುಂಪಾಗಿ ನಿಂತವನ್ನು ನಂಬಬಹುದು.