ದಾಸೋಹದ ಲೆಕ್ಕ: ಅನುಪಾತದ ಪಾಠದಲ್ಲೊಂದು ಸಾಮಾಜಿಕ ಪ್ರಶ್ನೆ

ತರಗತಿ: 8 ವಿಷಯ: ಗಣಿತ
ಘಟಕ: ನೇರ ಮತ್ತು ವಿಲೋಮ ಅನುಪಾತಗಳು

ಸಂದರ್ಭದ ಆಯ್ಕೆ

ಅನುಪಾತ ಎಂದರೆ ಕೂಲಿಯಾಳುಗಳು, ಗೋಡೆ, ದಿನಗಳು ಎಂಬ ಲೆಕ್ಕಗಳೇ ನಮಗೆ ನೆನಪಾಗುತ್ತವೆ. ಬೋಧನಾಭ್ಯಾಸದ ಈ ಪಾಠಕ್ಕೆ ನಾನು ತುಮಕೂರಿನ ಸಿದ್ಧಗಂಗಾ ಮಠದ ಉಗ್ರಾಣವನ್ನು ಆರಿಸಿಕೊಂಡೆ. ಅನ್ನ, ಅಕ್ಷರ, ಆಶ್ರಯ ಎಂಬ ತ್ರಿವಿಧ ದಾಸೋಹಕ್ಕೆ ಹೆಸರಾದ ಈ ಮಠದಲ್ಲಿ ಸುಮಾರು 10,000 ಮಕ್ಕಳು ಜಾತಿ, ಮತಗಳ ಭೇದವಿಲ್ಲದೆ ಉಚಿತವಾಗಿ ಉಳಿದು ಓದುತ್ತಾರೆ. ಡಾ. ಶಿವಕುಮಾರ ಸ್ವಾಮೀಜಿಯವರು (1907–2019) ಹಳ್ಳಿಹಳ್ಳಿ ಸುತ್ತಿ, ಭಕ್ತರು ಕೊಟ್ಟ ಧಾನ್ಯವನ್ನು ತಂದು ಈ ಕಾರ್ಯವನ್ನು ಬೆಳೆಸಿದರು.

ಶರಣರ ದೃಷ್ಟಿಯಲ್ಲಿ ದಾನ ಬೇರೆ, ದಾಸೋಹ ಬೇರೆ. ದಾನದಲ್ಲಿ ‘ನಾನು ಕೊಟ್ಟೆ’ ಎಂಬ ಭಾವ ಉಳಿಯಬಹುದು. ದಾಸೋಹದಲ್ಲಿ ಕೊಡುವವನೇ ದಾಸ. ಪಾಠದ ಪ್ರಶ್ನೆಗಳನ್ನೂ ಇದೇ ಎಚ್ಚರದಿಂದ ರಚಿಸಿದೆ. ತರಗತಿಯಲ್ಲಿ ಉಚಿತ ವಿದ್ಯಾರ್ಥಿನಿಲಯದ ಮಕ್ಕಳಿರುತ್ತಾರೆ. ಹಾಗಾಗಿ ‘ನಿಮ್ಮಲ್ಲಿ ಯಾರಿಗೆ ಉಚಿತ ಊಟ?’ ಎಂದು ಕೇಳುವಂತಿಲ್ಲ. ಲೆಕ್ಕ ಉಗ್ರಾಣದಿಂದ ಆರಂಭವಾಗಬೇಕು, ಮಗುವಿನ ಬಡತನದಿಂದಲ್ಲ.

ಪಾಠದ ಹಂತಗಳು

1. ನೇರ ಅನುಪಾತ: ಶಾಲಾ ಬಿಸಿಯೂಟದಲ್ಲಿ 6ರಿಂದ 8ನೇ ತರಗತಿಯ ಮಗುವಿಗೆ ದಿನಕ್ಕೆ 150 ಗ್ರಾಂ ಆಹಾರಧಾನ್ಯ, 30 ಗ್ರಾಂ ಬೇಳೆ ನಿಗದಿಯಾಗಿದೆ. ಇದೇ ಅಳತೆಯನ್ನು ಹಿಡಿದರೆ 10,000 ಮಕ್ಕಳ ಒಂದು ಹೊತ್ತಿನ ಊಟಕ್ಕೆ ಎಷ್ಟು ಅಕ್ಕಿ ಬೇಕು? ಉತ್ತರ: 1,500 ಕಿ.ಗ್ರಾಂ, ಅಂದರೆ 50 ಕಿಲೋದ 30 ಮೂಟೆ. ಬೇಳೆ 300 ಕಿ.ಗ್ರಾಂ.

2. ವಿಲೋಮ ಅನುಪಾತ: ಉಗ್ರಾಣದಲ್ಲಿ 150 ಕ್ವಿಂಟಲ್ ಅಕ್ಕಿ ಇದೆ ಎಂದುಕೊಳ್ಳೋಣ. 10,000 ಮಕ್ಕಳಿಗೆ ಅದು 10 ಊಟಕ್ಕಾಗುತ್ತದೆ. ಮಕ್ಕಳು 12,500 ಆದರೆ? ಎರಡೂ ಕಡೆ ಗುಣಲಬ್ಧ 1,00,000. ಆದ್ದರಿಂದ 8 ಊಟ.

3. ಚರ್ಚೆ: ಮಳೆ ಕೈಕೊಟ್ಟ ವರ್ಷ ಉಗ್ರಾಣಕ್ಕೆ ಬರುವ ಧಾನ್ಯ ಏನಾಗುತ್ತದೆ? ಮಠಕ್ಕೆ ಬರುವ ಮಕ್ಕಳ ಸಂಖ್ಯೆ ಏನಾಗುತ್ತದೆ?

ಮೂರನೆಯ ಹಂತವೇ ಪಾಠದ ತಿರುಳು. ಬರಗಾಲದಲ್ಲಿ ಕೊಡುವವರ ಕೈ ಬರಿದಾಗುತ್ತದೆ, ಬೇಡುವವರ ಸಂಖ್ಯೆ ಏರುತ್ತದೆ. ಭಕ್ತರ ಕೊಡುಗೆಯನ್ನೇ ನೆಚ್ಚಿದ ಯಾವ ಧಾರ್ಮಿಕ ಸಂಸ್ಥೆಗೂ ಈ ಕಷ್ಟ ತಪ್ಪಿದ್ದಲ್ಲ. ಇಲ್ಲಿಯೇ ಸರ್ಕಾರದ ಹೊಣೆಯನ್ನು ಪರಿಚಯಿಸಬಹುದು. ಬೇಯಿಸಿದ ಊಟವನ್ನೇ ಕೊಡಬೇಕೆಂದು ಸುಪ್ರೀಂ ಕೋರ್ಟ್ 2001ರಲ್ಲಿ ಆದೇಶಿಸಿತು. ಕರ್ನಾಟಕದ ಬಿಸಿಯೂಟ ಯೋಜನೆಗೆ ‘ಅಕ್ಷರ ದಾಸೋಹ’ ಎಂಬ ಹೆಸರೇ ಬಂತು. 2013ರ ರಾಷ್ಟ್ರೀಯ ಆಹಾರ ಭದ್ರತಾ ಕಾಯ್ದೆಯ ಪ್ರಕಾರ ಸರ್ಕಾರಿ ಮತ್ತು ಅನುದಾನಿತ ಶಾಲೆಗಳಲ್ಲಿ 8ನೇ ತರಗತಿವರೆಗಿನ ಮಕ್ಕಳಿಗೆ ಮಧ್ಯಾಹ್ನದ ಊಟ ಹಕ್ಕು. ಊಟ ಒದಗದಿದ್ದರೆ ಭತ್ಯೆ ಕೊಡಬೇಕು.

ಹಾಗೆಂದು ಮಠದ ಕೆಲಸ ಮುಗಿಯಿತೆಂದಲ್ಲ. ಕಾಯ್ದೆ ಕೊಡುವುದು ಶಾಲೆ ನಡೆಯುವ ದಿನದ ಒಂದು ಊಟ. ರಾತ್ರಿಯ ಊಟ, ಮಲಗಲು ಸೂರು, ಓದಲು ದೀಪ ಇವುಗಳಿಗೆ ದೂರದ ಹಳ್ಳಿಯ ಮಗು ಇಂದಿಗೂ ಇಂಥ ನಿಲಯಗಳನ್ನೇ ಆಶ್ರಯಿಸುತ್ತದೆ.

ಮೌಲ್ಯಮಾಪನ

ಮಕ್ಕಳು ತಮ್ಮ ಊರಿನ ದೇವಸ್ಥಾನ, ದರ್ಗಾ, ಚರ್ಚ್ ಅಥವಾ ಮಠದಲ್ಲಿ ನಡೆಯುವ ಒಂದು ಅನ್ನಸಂತರ್ಪಣೆಯ ಬಗ್ಗೆ ಕೇಳಿ ತಿಳಿದು, ಅದರಿಂದ ಒಂದು ನೇರ ಮತ್ತು ಒಂದು ವಿಲೋಮ ಅನುಪಾತದ ಲೆಕ್ಕವನ್ನು ರಚಿಸಬೇಕು. ಲೆಕ್ಕದ ಕೆಳಗೆ ಒಂದೇ ವಾಕ್ಯದಲ್ಲಿ ಉತ್ತರಿಸಬೇಕು: ಈ ಊಟ ನಾಳೆಯೂ ಸಿಗುತ್ತದೆಂಬ ಭರವಸೆ ಯಾರದು?