ನೀಳರೋಮದ ನಾಯಿ: ಶಸ್ತ್ರಕ್ರಿಯೆಯ ಅನಂತರದ ಆರೈಕೆ

ಮಾನ್ವಿಯಿಂದ ಸಿಂಧನೂರಿಗೆ ಸಾಗುವ ದಾರಿಯಲ್ಲಿ ಪೋತ್ನಾಳವಿದೆ. ಬೇಸಗೆಯಲ್ಲಿ ಈ ಸೀಮೆಯ ಉಷ್ಣತೆ ೪೦ ಡಿಗ್ರಿ ಸೆಲ್ಸಿಯಸನ್ನು ಮೀರುವುದು ವಾಡಿಕೆ. ಇಂತಹ ಊರಿನಲ್ಲಿ ಸ್ಪಿಟ್ಜ್ ಅಥವಾ ಲಾಸಾ ಆಪ್ಸೋದಂತಹ ನೀಳರೋಮದ ಪುಟ್ಟ ಹೆಣ್ಣುನಾಯಿಗೆ ಸಂತಾನಹರಣ ಶಸ್ತ್ರಕ್ರಿಯೆ ಆಗಿದೆಯೆಂದು ಭಾವಿಸೋಣ. ಅಂಡಾಶಯಗಳನ್ನೂ ಸಾಮಾನ್ಯವಾಗಿ ಗರ್ಭಕೋಶವನ್ನೂ ತೆಗೆಯುವ ಈ ಕ್ರಿಯೆಗಾಗಿ ಪಶುವೈದ್ಯರು ಹೊಟ್ಟೆಯ ಕೂದಲನ್ನು ಬೋಳಿಸಿರುತ್ತಾರೆ. ಮರುದಿನ ನಾಯಿ ನಾಲಿಗೆ ಚಾಚಿ ತೇಕುವುದನ್ನು ಕಂಡ ಮನೆಯವರಿಗೆ, ಹೊಟ್ಟೆಯದು ಹೇಗೂ ಹೋಯಿತು, ಮೈಯದನ್ನೂ ಬೋಳಿಸಿ ನೀರೆರೆದರೆ ಪಾಪ, ತಂಪಾದೀತು ಎಂದು ತೋರುವುದು ಸಹಜ. ಈ ಎರಡು ಉಪಚಾರಗಳೂ ಸಲ್ಲವು. ಏಕೆಂಬುದನ್ನು ತರಗತಿಯಲ್ಲಿ ನಾವು ಓದುವ ಉಷ್ಣಶಾಸ್ತ್ರವೇ ತಿಳಿಸುತ್ತದೆ.

ಕೂದಲುಗಳ ನಡುವೆ ಸಿಕ್ಕಿಕೊಂಡ ನಿಶ್ಚಲ ವಾಯು ಶಾಖವನ್ನು ಬಲು ನಿಧಾನವಾಗಿ ಸಾಗಿಸುತ್ತದೆ. ನಾಯಿಯ ಸಹಜ ಉಷ್ಣತೆ ಸುಮಾರು ೩೮ರಿಂದ ೩೯ ಡಿಗ್ರಿ. ಹೊರಗಿನ ಗಾಳಿ ೪೨ ಡಿಗ್ರಿಯಿದ್ದಾಗ ಶಾಖವು ಹರಿಯುವುದು ಗಾಳಿಯಿಂದ ನಾಯಿಯ ಕಡೆಗೆ. ಬಿಸಿಲಿನ ಕಿರಣಗಳದು ಬೇರೆ. ಆಗ ರೋಮದ ಹೊದಿಕೆ ನಮ್ಮ ಸೀಮೆಯ ಮಣ್ಣಿನ ಮಾಳಿಗೆಯ ಕೆಲಸವನ್ನೇ ಮಾಡುತ್ತದೆ. ಬೇಸಗೆ ಬಂದಿತೆಂದು ಮಾಳಿಗೆಯ ಮಣ್ಣನ್ನು ಯಾರೂ ಕೆರೆದು ತೆಗೆಯುವುದಿಲ್ಲವಷ್ಟೆ. ಗಾಳಿ ಮೈಗಿಂತ ತಂಪಾಗಿರುವಾಗ ಇದೇ ಹೊದಿಕೆ ಶಾಖದ ನಿರ್ಗಮನಕ್ಕೆ ಅಡ್ಡಿಯಾಗುವುದೂ ನಿಜವೇ. ಆದರೆ ನಾಯಿಗೆ ಅದಕ್ಕೆ ಬೇರೆ ದಾರಿಗಳಿವೆ.

ಅವುಗಳಲ್ಲಿ ಮುಖ್ಯವಾದುದು ತೇಕುವಿಕೆ. ನಾಯಿಯ ಬೆವರು ಅಂಗಾಲುಗಳಿಗೆ ಸೀಮಿತ. ಮೈ ತಣಿಸಲು ಅದು ಸಾಲದು. ಮೂಗು ನಾಲಿಗೆಗಳ ತೇವ ಆವಿಯಾದಾಗ, ಒಂದು ಗ್ರಾಂ ನೀರಿಗೆ ಸುಮಾರು ೫೭೫ ಕ್ಯಾಲರಿ ಶಾಖ ದೇಹದಿಂದ ಹೊರಹೋಗುತ್ತದೆ. ಆದರೆ ಹೀಗೆ ಬಿರುಸಾಗಿ ಉಸಿರಾಡುವ ಶ್ರಮವೇ ಮೈಯನ್ನು ಬಿಸಿಮಾಡಬೇಕಲ್ಲವೆ? ೧೯೬೨ರಲ್ಲಿ ಕ್ರಾಫರ್ಡ್ ಎಂಬ ವಿಜ್ಞಾನಿ ಇದಕ್ಕೆ ಸೊಗಸಾದ ಉತ್ತರವನ್ನು ಪ್ರಕಟಿಸಿದರು. ನಾಯಿಯ ಎದೆಗೂಡಿಗೆ ತನ್ನದೇ ಆದ ಸಹಜ ಕಂಪನಾಂಕವಿದೆ. ನಾಯಿ ತೇಕುವುದು ಸರಿಸುಮಾರು ಅದೇ ವೇಗದಲ್ಲಿ, ನಿಮಿಷಕ್ಕೆ ೩೨೦ರಷ್ಟು ಸಲ. ಪಂಚಮಿಯ ಜೋಕಾಲಿಯನ್ನು ಅದರ ಲಯಕ್ಕೆ ಸರಿಯಾಗಿ ಮೀಟುವವನಿಗೆ ಹೆಚ್ಚು ಬಲ ಬೇಡ. ಇದೇ ಅನುರಣನ. ಆದುದರಿಂದ ಗಾಯ ನೆಕ್ಕದಂತೆ ಕೊರಳಿಗೆ ತೊಡಿಸುವ ಬುಟ್ಟಿಯಾಕಾರದ ಪಟ್ಟಿ ಗಂಟಲನ್ನು ಒತ್ತಬಾರದು; ಮೈಗೆ ಬಟ್ಟೆ ತೊಡಿಸಿದರೆ ಅದು ಎದೆಯನ್ನು ಬಿಗಿಯಬಾರದು. ಪಟ್ಟಿಯಿದ್ದರೂ ಬಾಯಿಗೆ ಎಟಕುವಂತೆ ಅಗಲ ಬಾಯಿಯ ಪಾತ್ರೆಯಲ್ಲಿ ನೀರಿಡಬೇಕು.

ಇನ್ನೊಂದು ದಾರಿ, ತಂಪು ನೆಲಕ್ಕೆ ಹೊಟ್ಟೆಯೊತ್ತಿ ಮಲಗುವುದು. ನೀರಿನ ಗಡಿಗೆಯ ಪಕ್ಕದ ಒದ್ದೆ ನೆಲವೆಂದರೆ ನಾಯಿಗೆ ಪ್ರಿಯ. ಆದರೆ ಹೊಲಿಗೆಯಿರುವುದು ಹೊಟ್ಟೆಯಲ್ಲಿಯೇ! ಪರಸಿ ಕಲ್ಲಿನ ನೆಲದ ಮೇಲೆ ತೆಳುವಾದ, ಒಗೆದು ಒಣಗಿಸಿದ ಹತ್ತಿಯ ಬಟ್ಟೆ ಹಾಸಿದರೆ ತಂಪೂ ದೊರೆಯುವುದು, ಕೊಳೆಯೂ ತಾಗದು. ಮೊದಲ ರಾತ್ರಿ ಮಾತ್ರ ಎಚ್ಚರ ಬೇರೆ ಬಗೆಯದು. ಅರಿವಳಿಕೆಯಿಂದ ದೇಹದ ಉಷ್ಣತಾ ನಿಯಂತ್ರಣ ಕುಂದಿರುತ್ತದೆ. ಗಾತ್ರ ಚಿಕ್ಕದಾದಷ್ಟೂ ಘನಫಲಕ್ಕೆ ಹೋಲಿಸಿದರೆ ಮೈಯ ಹೊರಮೈ ಹೆಚ್ಚು, ಶಾಖನಷ್ಟವೂ ಹೆಚ್ಚು. ಆ ರಾತ್ರಿ ಫ್ಯಾನಿನ ಕೆಳಗೆ ಮಲಗಿಸದಿರುವುದು ಲೇಸು.

ಹೊಲಿಗೆ ಬಿಚ್ಚುವವರೆಗೆ, ಎಂದರೆ ಸಾಮಾನ್ಯವಾಗಿ ೧೦ರಿಂದ ೧೪ ದಿನ, ಸ್ನಾನ ಕೂಡದು. ತೇವದಿಂದ ಗಾಯ ಮೆತ್ತಗಾಗಿ ಸೋಂಕಿಗೆ ಎಡೆಯಾಗುತ್ತದೆ. ದಟ್ಟ ಕೂದಲಿನ ಬುಡ ಬೇಗನೆ ಆರುವುದೂ ಇಲ್ಲ. ಅರಿಶಿನ, ಎಣ್ಣೆಗಳನ್ನು ವೈದ್ಯರು ಹೇಳದೆ ಹಚ್ಚಬಾರದು. ಮನುಷ್ಯರ ನೋವಿನ ಮಾತ್ರೆ ಬೇಡವೇ ಬೇಡ. ಐಬುಪ್ರೊಫೆನ್ ನಾಯಿಗೆ ವಿಷ. ದಿನಕ್ಕೆ ಎರಡು ಬಾರಿ ಗಾಯವನ್ನು ನೋಡಿ, ಊತ, ಕೀವು, ರಕ್ತ, ದುರ್ವಾಸನೆ ಕಂಡರೆ, ಅಥವಾ ಒಸಡು ಬಿಳಿಚಿ ನಾಯಿ ನಿತ್ರಾಣಗೊಂಡರೆ, ತಡಮಾಡದೆ ವೈದ್ಯರಲ್ಲಿಗೆ ಒಯ್ಯಬೇಕು.

ಸ್ನಾನದ ಬದಲು ಬಾಚಣಿಗೆ ಸಾಕು. ಗಂಟುಗಟ್ಟಿದ ಕೂದಲಿನಲ್ಲಿ ವಾಯುವಿನ ಪದರವಿರದು. ಅದು ಬರಿಯ ಜಮಖಾನೆಯಂತೆ ತೇವವನ್ನೂ ಕೊಳೆಯನ್ನೂ ಹಿಡಿದಿಡುತ್ತದೆ. ಕೊರಳಪಟ್ಟಿ ಉಜ್ಜುವಲ್ಲಿ, ಕಿವಿಯ ಹಿಂದೆ, ಕಂಕುಳಲ್ಲಿ ಗಂಟುಗಳು ಮೊದಲು ಮೂಡುತ್ತವೆ. ಕೂದಲನ್ನು ಪದರ ಪದರವಾಗಿ ಬಿಡಿಸಿ, ತುದಿಯಿಂದ ಬುಡದತ್ತ ಸ್ವಲ್ಪ ಸ್ವಲ್ಪವೇ ಬಾಚಬೇಕು. ಗಾಯದ ಸುತ್ತಲಿನ ಚರ್ಮ ಜಗ್ಗಬಾರದು. ನಮ್ಮ ಒಣಹವೆಯಲ್ಲಿ ಪ್ಲಾಸ್ಟಿಕ್ ಬಾಚಣಿಗೆ ವಿದ್ಯುದಾವೇಶವನ್ನು ಹುಟ್ಟಿಸಿ ಕೂದಲನ್ನು ನಿಗುರಿಸುತ್ತದೆ. ಲೋಹದ್ದು ಮೇಲು.

ಅಂಡಾಶಯದ ಹಾರ್ಮೋನುಗಳು ಇಲ್ಲವಾದ ಮೇಲೆ ನೀಳರೋಮದ ಕೆಲವು ನಾಯಿಗಳ ಕೂದಲು, ಕೆಲವು ತಿಂಗಳುಗಳಲ್ಲಿ, ಉಣ್ಣೆಯಂತೆ ಮೃದುವಾಗುವುದುಂಟು. ಅಂತಹ ಕೂದಲು ಬೇಗ ಸಿಕ್ಕುಗಟ್ಟುವುದರಿಂದ ಬಾಚುವ ಕೆಲಸ ಗಾಯ ಮಾದ ಮೇಲೆಯೇ ಹೆಚ್ಚುತ್ತದೆ. ಆಹಾರದ ಅಗತ್ಯವೂ ತಗ್ಗುವುದರಿಂದ ಅನ್ನ ರೊಟ್ಟಿಗಳನ್ನು ಮೊದಲಿನಂತೆ ಸುರಿದರೆ ಚರ್ಮದಡಿ ಕೊಬ್ಬು ಬೆಳೆಯುತ್ತದೆ. ಕೊಬ್ಬೂ ಶಾಖನಿರೋಧಕವೇ, ಅದನ್ನು ಬಾಚಿ ತೆಗೆಯಲಾಗದು. ಇನ್ನು ಹೊಟ್ಟೆಯ ಬೋಳು ತುಂಬಲು ಸ್ಪಿಟ್ಜ್ ಜಾತಿಯಲ್ಲಿ ಹಲವು ತಿಂಗಳುಗಳೇ ಹಿಡಿಯಬಹುದು. ಬೆನ್ನನ್ನು ಬುಡಮಟ್ಟ ಬೋಳಿಸಿದ್ದಾದರೆ, ಈ ಜಾತಿಯ ಕೆಲವು ನಾಯಿಗಳಲ್ಲಿ ವರ್ಷ ಕಳೆದರೂ ಕೂದಲು ಮೊದಲಿನಂತೆ ಬಾರದು.