ಸೈನೈಡ್ ಗುಡ್ಡದ ಪಕ್ಕ ಒಂದು ಪುಟ್ಟ ಬೋರ್ಡು

ಚಿನ್ನದ ಗಣಿಗಳ ಊರಾದ ಕೆಜಿಎಫ್‌ನ ಮೈಸೂರು ಮೈನ್ಸ್ ಕಡೆಯ ಲೈನ್ ಮನೆಗಳಲ್ಲಿ ಆಷಾಢದ ಗಾಳಿ ಎದ್ದರೆ ಕಸ ಗುಡಿಸುವ ಕೆಲಸ ಎರಡು ಪಟ್ಟಾಗುತ್ತದೆ. ಕಿಟಕಿ ಮುಚ್ಚಿದರೂ ಸೈನೈಡ್ ಗುಡ್ಡದ ನುಣ್ಣನೆಯ ದೂಳು ಒಳಗೆ ಬಂದು ಪಾತ್ರೆ, ಹಾಸಿಗೆ, ಒಣಗಲು ಹಾಕಿದ ಬಟ್ಟೆ ಎಲ್ಲದರ ಮೇಲೂ ಕೂರುತ್ತದೆ. ನೆಲದಾಳದಿಂದ ತೆಗೆದ ಬೆಣಚುಕಲ್ಲನ್ನು ಅರೆದು, ಸೈನೈಡ್ ದ್ರಾವಣದಲ್ಲಿ ಚಿನ್ನ ಕರಗಿಸಿ ತೆಗೆದುಕೊಂಡ ಮೇಲೆ ಉಳಿದ ರಾಶಿ ಅದು. 2001ರ ಫೆಬ್ರುವರಿ 28ರಂದು ಗಣಿ ಮುಚ್ಚಿತು. ರಾಶಿ ಮಾತ್ರ ಬಿದ್ದಲ್ಲೇ ಬಿದ್ದಿದೆ.

ನನ್ನ ಅಕ್ಕನ ಮನೆ ಇರುವುದು ಅಲ್ಲೇ. ನಾನು ಬಂಗಾರಪೇಟೆಯಲ್ಲಿ ಯುಪಿಎಸ್, ಇನ್ವರ್ಟರ್ ರಿಪೇರಿ ಮಾಡುತ್ತೇನೆ. ಅಂಗಡಿಯ ಲೆಕ್ಕ ಇಡುವುದಕ್ಕೆಂದು ಜಾವಾಸ್ಕ್ರಿಪ್ಟ್ ಕಲಿತಿದ್ದೆ. ಅದೇ ಭಾಷೆಯಲ್ಲಿ ಗಾಳಿಯ ದೂಳನ್ನೂ ಅಳೆಯಬಹುದು ಎಂದು ಗೊತ್ತಾದಾಗ ಬೆಂಗಳೂರಿನ ಎಸ್.ಪಿ. ರಸ್ತೆಯಿಂದ ಒಂದು ರಾಸ್ಪ್‌ಬೆರಿ ಪೈ ಝೀರೋ ಡಬ್ಲ್ಯೂ ಮತ್ತು ಪಿಎಂಎಸ್ 5003 ಎಂಬ ದೂಳಿನ ಸೆನ್ಸರ್ ತಂದೆ. ಬೋರ್ಡಿನ ಉದ್ದ 65 ಮಿಲಿಮೀಟರ್, ಅಗಲ 30 ಮಿಲಿಮೀಟರ್. ಅಷ್ಟರಲ್ಲಿ 1 ಗಿಗಾಹರ್ಟ್ಸ್‌ನ ಒಂದೇ ಕೋರ್, 512 ಎಂಬಿ ಮೆಮೊರಿ, ವೈಫೈ, ಹೊರಗಿನ ಸಾಮಾನು ಜೋಡಿಸಲು 40 ಪಿನ್ನು. ಅಕ್ಕನ ಮನೆಯ ಸೂರಿನಡಿ ಅದು ಕೂತ ಮೇಲೆ ನಾನು ಕಲಿತದ್ದರಲ್ಲಿ ಕೋಡಿಗಿಂತ ಕರೆಂಟಿನ ವಿಷಯವೇ ಹೆಚ್ಚು.

ಕೋಡಿನ ಮಾತು ಮೊದಲು ಮುಗಿಸುತ್ತೇನೆ. ಈ ಬೋರ್ಡಿನ ಪ್ರೊಸೆಸರ್ ಹಳೆಯ ಎಆರ್‌ಎಂವಿ6 ಜಾತಿಯದು. ಜಾವಾಸ್ಕ್ರಿಪ್ಟನ್ನು ಬ್ರೌಸರಿನ ಹೊರಗೆ ಓಡಿಸುವ ನೋಡ್ ಜೆಎಸ್‌ನ ತಂಡ 12ನೇ ಆವೃತ್ತಿಯಿಂದ ಇದಕ್ಕೆ ಅಧಿಕೃತ ಕಡತ ಕೊಡುವುದನ್ನು ನಿಲ್ಲಿಸಿತು. ಅನಧಿಕೃತ ವಿಭಾಗದಲ್ಲಿ ಸಿಗುವುದನ್ನು ಹಾಕಿಕೊಂಡರೆ ಚೆನ್ನಾಗಿಯೇ ಓಡುತ್ತದೆ. ಆದರೆ ದೊಡ್ಡ ಪ್ಯಾಕೇಜುಗಳನ್ನು ಇದರ ಮೇಲೆ ಕಂಪೈಲ್ ಮಾಡುವುದೆಂದರೆ ಅರ್ಧ ದಿನದ ಕೆಲಸ. ನೋಡ್ ಜೊತೆಗೇ ಬರುವ ಎಚ್‌ಟಿಟಿಪಿ ಸವಲತ್ತು ಒಂದು ಪುಟ ತೋರಿಸಲು ಧಾರಾಳವಾಗಿ ಸಾಕು. ತಿಂಗಳ ಗ್ರಾಫ್ ಬರೆಯುವ ಕೆಲಸವನ್ನೂ ಬೋರ್ಡಿಗೆ ಕೊಡಬಾರದು. ಅದು ಬರೀ ಅಂಕಿಗಳನ್ನು ಕಳಿಸಲಿ, ಗೆರೆ ಎಳೆಯುವುದನ್ನು ನೋಡುವವರ ಫೋನೇ ಮಾಡಲಿ. ಇರುವ ಒಂದು ಕೋರ್ ಲೆಕ್ಕದಲ್ಲಿ ಮುಳುಗಿದರೆ ಸೆನ್ಸರಿನ ಮಾತು ಕೇಳುವವರು ಇರುವುದಿಲ್ಲ.

ವೆಬ್ ಬರೆದು ಅಭ್ಯಾಸವಾದವರು ಇಲ್ಲಿ ಒಂದು ವಿಷಯ ಹೊಸದಾಗಿ ರೂಢಿಸಿಕೊಳ್ಳಬೇಕು. ಬ್ರೌಸರ್ ಕೇಳಿದಾಗ ಸರ್ವರ್ ಉತ್ತರ ಕೊಡುತ್ತದೆ. ಸೆನ್ಸರ್ ಯಾರೂ ಕೇಳದಿದ್ದರೂ ಹೇಳುತ್ತಲೇ ಇರುತ್ತದೆ. ಪಿಎಂಎಸ್ 5003 ಒಂದು ಸಲಕ್ಕೆ 32 ಬೈಟ್‌ಗಳ ಒಂದು ಸಾಲು ಕಳಿಸುತ್ತದೆ. ಆ ಮೂವತ್ತೆರಡೂ ನೋಡ್‌ಗೆ ಒಟ್ಟಿಗೆ ಸಿಗುತ್ತವೆ ಎಂಬ ಖಾತ್ರಿಯಿಲ್ಲ. ಒಮ್ಮೆ ಇಪ್ಪತ್ತು ಬರಬಹುದು, ಆಮೇಲೆ ಉಳಿದ ಹನ್ನೆರಡರ ಬಾಲಕ್ಕೆ ಮುಂದಿನ ಸಾಲಿನ ತಲೆ ಅಂಟಿಕೊಂಡು ಬರಬಹುದು. ಪ್ರತಿ ಸಾಲಿನ ಆರಂಭದಲ್ಲೂ ಎರಡು ಗುರುತಿನ ಬೈಟ್‌ಗಳಿವೆ, ಕೊನೆಯ ಎರಡು ಬೈಟ್‌ಗಳಲ್ಲಿ ಮೊದಲ ಮೂವತ್ತರ ಮೊತ್ತವಿದೆ. ತಲೆ ಹುಡುಕಿ, ಮೊತ್ತ ಕೂಡಿ ನೋಡಿ, ತಾಳೆಯಾದರೆ ಮಾತ್ರ ಒಳಗೆ ಬಿಟ್ಟುಕೊಳ್ಳಬೇಕು. ತಾಳೆಯಾಗದ ಸಾಲನ್ನು ಬಿಸಾಡುವುದಕ್ಕೆ ಮನಸ್ಸು ಹಿಂಜರಿಯಬಾರದು.

ಇನ್ನು ಕರೆಂಟು. 1902ರಲ್ಲಿ ಶಿವನಸಮುದ್ರದಿಂದ ಸುಮಾರು 147 ಕಿಲೋಮೀಟರ್ ತಂತಿ ಎಳೆದು ವಿದ್ಯುತ್ ತಂದದ್ದು ಈ ಗಣಿಗಳಿಗಾಗಿಯೇ. ಅಷ್ಟು ದೂರ ಸೋರದೆ ಬರಲೆಂದು ವೋಲ್ಟೇಜನ್ನು ಬಹಳ ಮೇಲಕ್ಕೆ ಏರಿಸಿ ಕಳಿಸುತ್ತಿದ್ದರು. ಐದು ವೋಲ್ಟಿನ ಪುಟ್ಟ ಬೋರ್ಡಿಗೂ ಅದೇ ನಿಯಮ. ಇಲ್ಲಿ ಏರಿಸಿ ಕಳಿಸುವ ಅವಕಾಶವಿಲ್ಲವಾದ್ದರಿಂದ ಒಂದು ಮೀಟರ್ ತೆಳು ಯುಎಸ್‌ಬಿ ಕೇಬಲ್ ಕೂಡ ದೊಡ್ಡ ದೂರವೇ. ವೈಫೈ ಮತ್ತು ಸೆನ್ಸರಿನ ಫ್ಯಾನು ಒಟ್ಟಿಗೆ ಎಳೆದಾಗ ಬೋರ್ಡಿಗೆ ತಲುಪುವ ವೋಲ್ಟೇಜು ಕುಸಿಯುತ್ತದೆ. ದೊಡ್ಡ ಪೈಗಳಲ್ಲಿ 4.63 ವೋಲ್ಟಿಗಿಂತ ಕೆಳಗಿಳಿದರೆ ಎಚ್ಚರಿಸುವ ಸರ್ಕ್ಯೂಟ್ ಇದೆ, ಝೀರೋದಲ್ಲಿ ಅದನ್ನು ಇಟ್ಟಿಲ್ಲ. ಕಾರಣವಿಲ್ಲದೆ ಬೋರ್ಡು ನಿಂತರೆ ಕೋಡು ಜಾಲಾಡುವ ಮುಂಚೆ ಮಲ್ಟಿಮೀಟರ್ ತೆಗೆದುಕೊಂಡು ಎರಡನೇ ಪಿನ್ನಿಗೂ ಆರನೇ ಪಿನ್ನಿಗೂ ಮುಟ್ಟಿಸಿ ನೋಡುವುದು ಲೇಸು. ಅಡಾಪ್ಟರಿನ ಬಾಯಲ್ಲಿ ಅಳೆದರೆ ಏನೂ ತಿಳಿಯುವುದಿಲ್ಲ.

ಕರೆಂಟು ಹೋಗಿ ಬರುವುದು ನಮಗೆ ಹೊಸದಲ್ಲ, ಆದರೆ ಎಸ್‌ಡಿ ಕಾರ್ಡು ಅದನ್ನು ತಾಳುವುದಿಲ್ಲ. ಬರೆಯುತ್ತಿರುವಾಗಲೇ ಕರೆಂಟು ಹೋದರೆ ಕಡತ ಹಾಳಾಗುತ್ತದೆ, ಕೆಲವೊಮ್ಮೆ ಇಡೀ ಕಾರ್ಡು ಏಳುವುದಿಲ್ಲ. ಅದಕ್ಕೆ ಈಗ ಸಿಸ್ಟಂ ಇರುವ ಭಾಗವನ್ನು ಓದಲು ಮಾತ್ರ ಎಂದು ಬೀಗ ಹಾಕಿದ್ದೇನೆ. ಅಂಕಿಗಳು ಮೆಮೊರಿಯಲ್ಲೇ ಸೇರುತ್ತಾ ಹೋಗಿ ಆಗಾಗ ಒಂದು ಸಲ ಮಾತ್ರ ಬೇರೆ ಭಾಗಕ್ಕೆ ಇಳಿಯುತ್ತವೆ. ಜೊತೆಗೆ, ಅಂಗಡಿಯಲ್ಲಿ ಯುಪಿಎಸ್‌ನಿಂದ ಕಳಚಿದ, ಇನ್ನೂ ಜೀವವಿರುವ 12 ವೋಲ್ಟಿನ ಬ್ಯಾಟರಿ ಒಂದನ್ನು ಇಟ್ಟು, ಐದಕ್ಕೆ ಇಳಿಸುವ ಕನ್ವರ್ಟರ್ ಜೋಡಿಸಿದ್ದೇನೆ. ಯುಪಿಎಸ್‌ಗೆ ಬೇಡವಾದ ಬ್ಯಾಟರಿ ಈ ಬೋರ್ಡಿಗೆ ರಾತ್ರಿಯಿಡೀ ಆಗುತ್ತದೆ.

ಪೈ ಝೀರೋದಲ್ಲಿ ಗಡಿಯಾರವೂ ಇಲ್ಲ. ಎದ್ದ ತಕ್ಷಣ ಅದಕ್ಕೆ ಗೊತ್ತಿರುವುದು ಮಲಗುವ ಮುಂಚಿನ ಸಮಯವಷ್ಟೇ, ಸರಿಯಾದ ಹೊತ್ತು ಇಂಟರ್ನೆಟ್‌ನಿಂದ ಬರಬೇಕು. ರೌಟರ್ ಇನ್ನೂ ಏಳದಿದ್ದರೆ ಸಂಜೆಯ ದೂಳು ಮಧ್ಯಾಹ್ನದ ಲೆಕ್ಕಕ್ಕೆ ಸೇರುತ್ತದೆ. ಇದಕ್ಕೆ ಮದ್ದು ಡಿಎಸ್ 3231 ಎಂಬ ಗಡಿಯಾರದ ಚಿಪ್, ಅದು ವರ್ಷಕ್ಕೆ ಒಂದು ನಿಮಿಷದಷ್ಟು ಮಾತ್ರ ಆಚೀಚೆ ಆಗುತ್ತದೆ. ಅಂಗಡಿಯಲ್ಲಿ ಸಿಗುವ ಅದರ ಅಗ್ಗದ ಮಾಡ್ಯೂಲುಗಳ ವಿಷಯದಲ್ಲಿ ಒಂದು ಎಚ್ಚರ: ಬಹಳಷ್ಟರಲ್ಲಿ ಬ್ಯಾಟರಿ ಚಾರ್ಜ್ ಮಾಡುವ ದಾರಿ ಇರುತ್ತದೆ. ಚಾರ್ಜ್ ಆಗದ ಸಿಆರ್ 2032 ಸೆಲ್ ಹಾಕಿ ಐದು ವೋಲ್ಟ್ ಕೊಟ್ಟರೆ ಸೆಲ್ ಉಬ್ಬಬಹುದು. ಪೈ ಜೊತೆ 3.3 ವೋಲ್ಟಿನಲ್ಲೇ ಓಡಿಸಬೇಕು. ಪೈನ ಪಿನ್ನುಗಳೂ 3.3ಕ್ಕಿಂತ ಹೆಚ್ಚಿಗೆ ತಡೆಯುವುದಿಲ್ಲ.

ಇಷ್ಟೆಲ್ಲ ತೊಂದರೆ ತೆಗೆದುಕೊಳ್ಳುವುದು ದಾಖಲೆ ಕಡಿಯಬಾರದೆಂದು. ಇಲ್ಲಿನ ಚಾಂಪಿಯನ್ ರೀಫ್ ಗಣಿಯಲ್ಲಿ ಸುಮಾರು 2.3 ಕಿಲೋಮೀಟರ್ ಆಳದಲ್ಲಿ 1965ರಲ್ಲಿ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ, ಒಸಾಕಾ ಮತ್ತು ಡರ್ಹಾಮ್‌ನ ವಿಜ್ಞಾನಿಗಳು ವಾತಾವರಣದ ನ್ಯೂಟ್ರಿನೋಗಳ ಗುರುತು ಹಿಡಿದರು. ಅಪರೂಪಕ್ಕೆ ಬರುವ ಒಂದು ಮಿಣುಕಿಗಾಗಿ ತಿಂಗಳುಗಟ್ಟಲೆ ಉಪಕರಣ ಎಚ್ಚರವಾಗಿರಬೇಕಿತ್ತು. ಅಂಥ ಅಳತೆ ನಡೆದ ಊರು ಇದು ಎಂಬುದನ್ನು ಇಲ್ಲಿನ ಮಕ್ಕಳಿಗೆ ಸಿನಿಮಾದ ಕೆಜಿಎಫ್‌ಗಿಂತ ಮೊದಲು ಹೇಳಬೇಕು ಅನ್ನುವುದು ನನ್ನ ಆಸೆ.

ಅಂಕಿ ಬರತೊಡಗಿದ ಮೇಲೆ ನನ್ನನ್ನು ಬಹಳ ಯೋಚನೆಗೆ ಹಚ್ಚಿದ ಸಂಗತಿ ಬೇರೆಯೇ. ಚಳಿಗಾಲದ ಬೆಳಗ್ಗೆ, ಬಿಸಿನೀರಿನ ಒಲೆ ಹಚ್ಚಿ, ಕಸಕ್ಕೆ ಬೆಂಕಿ ಇಟ್ಟ ಹೊತ್ತಿನಲ್ಲಿ, ಪುಟದ ಗೆರೆ ಮೇಲಕ್ಕೆ ಹಾರುತ್ತಿತ್ತು. ಪಿಎಂ 2.5ಕ್ಕೆ, ಅಂದರೆ ಬಹಳ ಸಣ್ಣ ಕಣಗಳಿಗೆ, ನಮ್ಮ ದೇಶದ 24 ಗಂಟೆಯ ಮಿತಿ ಘನಮೀಟರಿಗೆ 60 ಮೈಕ್ರೋಗ್ರಾಂ. ಆ ಹೊತ್ತಿಗೆ ಅಂಕಿ ಅದನ್ನು ಸುಲಭವಾಗಿ ದಾಟುತ್ತಿತ್ತು. ಆಷಾಢದಲ್ಲಿ ಮಾತ್ರ, ಮಂಚದ ಮೇಲೆ ಬೆರಳಾಡಿಸಿದರೆ ಗೆರೆ ಮೂಡುವಷ್ಟು ದೂಳು ಬಿದ್ದ ದಿನವೂ, ಅಂಕಿ ಸುಮ್ಮನೆ ಕೆಳಗಿರುತ್ತಿತ್ತು. ಅಕ್ಕ ಕೇಳಿದಳು: “ಏನೋ ಇದು, ಕಣ್ಣಿಗೆ ಕಾಣೋದು ನಿನ್ ಮಿಷನ್‌ಗೆ ಕಾಣಲ್ವಾ?”

ಕಾಣುವುದಿಲ್ಲ, ಅಕ್ಕ ಹೇಳಿದ್ದೇ ಸರಿ. ಈ ಸೆನ್ಸರ್ ಒಳಗೆ ಗಾಳಿಯನ್ನು ಎಳೆದು ಲೇಸರ್ ಬೆಳಕಿಗೆ ಒಡ್ಡಿ, ಕಣಗಳು ಚದುರಿಸಿದ ಬೆಳಕಿನಿಂದ ಲೆಕ್ಕ ಹಾಕುತ್ತದೆ. ಹೊಗೆಯಂಥ ಬಹಳ ಸಣ್ಣ ಕಣಗಳನ್ನು ಚೆನ್ನಾಗಿ ಹಿಡಿಯುತ್ತದೆ. ಗಾಳಿಗೆ ಎದ್ದ ಮಣ್ಣಿನ ದಪ್ಪ ಕಣ ಅದರ ಸಣ್ಣ ಫ್ಯಾನಿನ ದಾರಿಯಲ್ಲಿ ಲೇಸರಿನ ತನಕ ಸರಿಯಾಗಿ ತಲುಪುವುದಿಲ್ಲ. ಪಿಎಂ 10 ಎಂದು ಅದು ತೋರಿಸುವ ಅಂಕಿಯಲ್ಲಿ ಹೆಚ್ಚಿನ ಪಾಲು ಸಣ್ಣ ಕಣಗಳಿಂದ ಊಹಿಸಿದ್ದು. ಮಂಜಿನ ಬೆಳಗ್ಗೆ ತೇವಕ್ಕೆ ಉಬ್ಬಿದ ಕಣವನ್ನು ದೊಡ್ಡದೆಂದು ಎಣಿಸುವುದೂ ಉಂಟು. ಕಣದಲ್ಲಿ ಸಿಲಿಕಾ ಇದೆಯೋ, ಸೈನೈಡಿನ ಉಳಿಕೆ ಇದೆಯೋ, ಬರೀ ಹೊಗೆಯೋ ಎಂಬುದಂತೂ ಬೆಳಕಿಗೆ ತಿಳಿಯದು. ಅಕ್ಕಪಕ್ಕದವರು ಫೋನಿನಲ್ಲಿ ಈ ಪುಟ ತೆರೆದು “ಅಣ್ಣಾ, ಇವತ್ತು ಬಟ್ಟೆ ಒಣಗಾಕ್ಲಾ?” ಎಂದು ಕೇಳುವುದರಿಂದ, ಈ ಮಿತಿಯನ್ನು ಪುಟದ ನೆತ್ತಿಯಲ್ಲೇ ಕನ್ನಡದಲ್ಲೂ ತಮಿಳಿನಲ್ಲೂ ದಪ್ಪಕ್ಷರದಲ್ಲಿ ಬರೆದಿದ್ದೇನೆ. ಅಂಕಿ ಕಡಿಮೆ ಇದೆ ಎಂದು ಗುಡ್ಡದ ದೂಳಿನಿಂದ ಅಪಾಯವಿಲ್ಲವೆಂದು ಯಾರೂ ತಿಳಿಯಬಾರದು. ಸಿಲಿಕಾ ದೂಳು ಶ್ವಾಸಕೋಶಕ್ಕೆ ಏನು ಮಾಡುತ್ತದೆ ಎಂಬುದು ಕೆಮ್ಮುತ್ತಲೇ ನಿವೃತ್ತರಾದ ಗಣಿ ಕೆಲಸಗಾರರ ಮನೆಗಳಿಗೆ ಗೊತ್ತಿದೆ.

ಆದ್ದರಿಂದ ಎಲೆಕ್ಟ್ರಾನಿಕ್ಸ್ ಇಲ್ಲದ ಅಳತೆಯೊಂದನ್ನು ಜೊತೆಗಿಟ್ಟೆ. ಸೂರಿನ ಮೇಲೆ ಅಗಲ ಬಾಯಿಯ ಪಾತ್ರೆ, ತಳದಲ್ಲಿ ಶುದ್ಧ ನೀರು. ತಿಂಗಳಾದ ಮೇಲೆ ನೀರು ಆರಿಸಿ, ಉಳಿದದ್ದನ್ನು ರಾಬರ್ಟ್‌ಸನ್‌ಪೇಟೆಯ ಪರಿಚಿತ ಚಿನ್ನದಂಗಡಿಯ ತಕ್ಕಡಿಯಲ್ಲಿ ತೂಗಿಸುತ್ತೇನೆ. ಬಿದ್ದ ದೂಳನ್ನು ಅಳೆಯುವ ಹಳೆಯ, ಒಪ್ಪಿತ ವಿಧಾನವೇ ಇದು. ತಿಂಗಳಿಗೆ ಒಂದೇ ಅಂಕಿ ಸಿಗುತ್ತದೆ, ಆದರೆ ಗುಡ್ಡದ ದೂಳು ಕಾಣುವುದು ಅದರಲ್ಲೇ. ಆಷಾಢದಲ್ಲಿ ಏರುವುದು ಇದೇ.

ಮುಂದಿನ ಕೆಲಸ ಎರಡನೇ ಬೋರ್ಡು. ಆಷಾಢದ ಗಾಳಿ ಬೀಸುವುದು ಪಡುವಣದಿಂದ. ಗುಡ್ಡದ ಪಡುವಣಕ್ಕೆ ಒಂದು ಪೆಟ್ಟಿಗೆ, ಮೂಡಣಕ್ಕೆ ಒಂದು, ಎರಡರ ಪಕ್ಕದಲ್ಲೂ ಒಂದೊಂದು ಪಾತ್ರೆ, ಗಾಳಿಯ ದಿಕ್ಕು ಬರೆದಿಡಲು ಒಂದು ಗಾಳಿಸೂಚಿ ಇಟ್ಟರೆ, ಎರಡು ಪಾತ್ರೆಗಳ ತೂಕದ ವ್ಯತ್ಯಾಸದಲ್ಲಿ ಗುಡ್ಡದಿಂದ ಬಂದ ಪಾಲು ಎಷ್ಟೆಂದು ತೋರಬೇಕು. ಊರ್ಗಾಂ ಕಡೆಯ ಇಬ್ಬರು ಕಾಲೇಜು ಹುಡುಗಿಯರು ಪಡುವಣದ ಪೆಟ್ಟಿಗೆಯನ್ನು ತಾವು ನೋಡಿಕೊಳ್ಳುತ್ತೇವೆ ಎಂದಿದ್ದಾರೆ. ಅವರಿಗೆ ಕೋಡು ಕೊಡುವ ಮೊದಲು ಮಲ್ಟಿಮೀಟರ್ ಹಿಡಿಯುವುದನ್ನು ಹೇಳಿಕೊಡುತ್ತಿದ್ದೇನೆ.